ಕಣ ಕಾಯುವವನ ಜರ್ಮನ್

ಬಾವಲಿ ಲೆಕ್ಕ ಹಾಕಲು ಬಂದವಳು. ಹೆಸರು ಹೈಡ್ರುನ್.
ಚೆಟ್ಟಳ್ಳಿಯ ಈ ತೋಟದಲ್ಲಿ ಕಾಫಿ ಹಣ್ಣಾಗುವುದಕ್ಕೂ
ಎರಡು ಸಿಲ್ವರ್ ಮರದ ನಡುವೆ ಅವಳ ಬಲೆ ಏರುವುದಕ್ಕೂ ಸರಿಹೋಯ್ತು.
ನಾನು ಕಣದ ಕಾವಲು. ಪಾರ್ಚ್‌ಮೆಂಟು ಒಣಗುವ ಎರಡು ತಿಂಗಳು
ನನಗೆ ರಾತ್ರಿಯೇ ಸಂಬಳ.

ಹತ್ತು ಗಂಟೆಗೆ ಬಲೆ ಮಡಚಿ, ಹಣೆಯ ದೀಪ ಆರಿಸಿ,
ಔಟ್‌ಹೌಸಿನ ಮೆಟ್ಟಿಲಲ್ಲಿ ನಿಂತು ಹೇಳುವಳು:
ಗೂಟೆ ನಾಖ್ಟ್, ಪೂವಯ್ಯ.

ಮೊದಲ ದಿನ ಹುಡುಕಿದೆ, ಯಾವ ಗೂಟ, ಎಲ್ಲಿಯ ಹಗ್ಗ?
ಅವರ ಊರಲ್ಲಿ ರಾತ್ರಿಯನ್ನೂ ಕಟ್ಟಿಹಾಕುತ್ತಾರೇನೋ,
ಹಾಲು ಕರೆಯುವ ಹೊತ್ತಿಗೆ ಬಿಚ್ಚಿಬಿಡಲು.

ಎರಡನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು,
ಮೀನಿನ ಮುಳ್ಳು ಕ್ಯಾಕರಿಸುವ ಸದ್ದು ಅದಕ್ಕೆ.
ನಾಕು, ನಾಕ್ಟು, ನಾಖ್... ಅಭ್ಯಾಸ ಮಾಡಿದರೆ
ನರಿ ಬಂತೆಂದು ಕೆಂಚ ಎದ್ದು ಬೊಗಳುತ್ತಿತ್ತು.
ನಾಲ್ಕನೆಯ ರಾತ್ರಿ ಬಾಯಿಗೆ ಬಂದದ್ದು ಅವ್ವನ ಮಾತು:
ನಕ್ತ.
ಕಾರ್ತಿಕ ಸೋಮವಾರ ಅವಳು ನಕ್ತ ಹಿಡಿಯುತ್ತಿದ್ದಳು,
ಹಗಲೆಲ್ಲ ನೀರು, ಚುಕ್ಕಿ ಕಂಡ ಮೇಲೆ ಒಂದೇ ಊಟ.
ನಿನ್ನ ನಾಖ್ಟ್ ನಮ್ಮವ್ವ ಉಣ್ಣುತ್ತಿದ್ದ ಹೊತ್ತು, ಎಂದೆ.
ತೂಕ ಬರೆಯುವ ಪುಸ್ತಕದಲ್ಲಿ
ಹದಿನೇಳು ಗ್ರಾಂ ಹೆಣ್ಣು, ಹನ್ನೊಂದು ಗ್ರಾಂ ಗಂಡು,
ಅದರ ಕೆಳಗೆ ಬರೆದುಕೊಂಡಳು ನಕ್ತ.
ತೂಕದ ಜಾಗ ಖಾಲಿ ಬಿಟ್ಟಳು.

ನೀವು ಮಲಗುವಾಗ ಏನು ಹೇಳುತ್ತೀರಿ?
ಶುಭರಾತ್ರಿ ಅಂತ ಒಂದಿದೆ. ಅಳಿಯ ಫೋನಿಗೆ ಕಳಿಸುತ್ತಾನೆ
ಗುಲಾಬಿ ಹೂವಿನ ಜೊತೆ. ಬಾಯಲ್ಲಿ ಆಡಿ ಯಾರೂ ಸವೆಸಿಲ್ಲ.
ನಾವು ಹೇಳುವುದು: ಒಲೆ ನೋಡಿದೆಯಾ?
ಅಗಳಿ ಬಿತ್ತಾ? ಆನೆ ಬಂದರೆ
ಪಟಾಕಿ ಕಿಟಕಿಯ ಮೇಲಿದೆ.
ಅವಳು ನಕ್ಕಳು. ನಾನು ನಗಲಿಲ್ಲ.
ಇಪ್ಪತ್ತೆಂಟು ವರ್ಷ ಹೆಂಡತಿಗೆ ಹೇಳಿದ್ದು ಇಷ್ಟೇ,
ಇಷ್ಟರಲ್ಲೇ ಅವಳು ನಿದ್ದೆ ಹೋಗಿದ್ದಾಳೆ.

ಅವಳ ಅಜ್ಜಿಯದೂ ಬೆಟ್ಟದೂರಂತೆ. ಹಗಲಾಗಲಿ ಕತ್ತಲಾಗಲಿ
ಎದುರಾದವರಿಗೆ ಗ್ರ್ಯೂಸ್ ಗೋಟ್,
ದೇವರೇ ನಿನ್ನನ್ನು ಮಾತಾಡಿಸಲಿ ಅಂತ.
ಕಡಲ ಕಡೆಯವರಿಗೆ ಅಷ್ಟೂ ಪುರುಸೊತ್ತಿಲ್ಲ, ಮೊಯ್ನ್ ಅಂದು ಮುಗಿಸುತ್ತಾರೆ.
ಹೊರಟವರಿಗೆ ಹೇಳುವುದು 'ಮತ್ತೆ ಕಾಣುವ ತನಕ'.
ಇದು ನಮ್ಮ 'ಹೋಗಿ ಬರ್ತೇನೆ'ಯ ದಾಯಾದಿ,
ಎಂದೋ ಪಾಲಾಗಿ ಹೋದದ್ದು.

ಬಲೆಯಿಂದ ರೆಕ್ಕೆ ಬಿಡಿಸುವಾಗ ಗುನುಗುವಳು
ಅಜ್ಜಿಯೇ ಕಟ್ಟಿದ ಜೋಗುಳ:
ಗಿರಣಿ ನಿಂತಿತು, ನೀರು ನಿಲ್ಲಲಿಲ್ಲ, ಹೀಗೇನೋ.
ಬಾವಲಿ ಮಲಗಲಿಲ್ಲ, ಬೆರಳು ಕಚ್ಚಿತು.
ತೂಕಡಿಕೆ ಬಂದದ್ದು ನನಗೆ.
ನಿಲ್ಲಿಸು ತಾಯಿ, ಎಂದೆ, ಸಾವ್ಕಾರರು
ಟಾರ್ಚು ಹಿಡಿದು ಯಾವಾಗ ಬರುತ್ತಾರೋ.
ನಾನೂ ಹಾಡುತ್ತೇನೆ, ಎಚ್ಚರವಿರಲು. ಅದರಲ್ಲಿ ರಾಗವಿಲ್ಲ, ಸದ್ದಿದೆ.

ಉಂಗುರ ತೊಡಿಸಿ ಅಂಗೈ ಬಿಚ್ಚುವಾಗ
ಒಂದೊಂದು ಬಾವಲಿಗೂ ಹೇಳುವಳು: ಗೂಟನ್ ಮೋರ್ಗನ್.
ಇವಕ್ಕೆ ಈಗ ತಾನೇ ಬೆಳಗಾಯ್ತಲ್ಲ, ಪೂವಯ್ಯ?
ಹೌದು ಎಂದೆ. ಬಹಳ ಹೊತ್ತು ಸುಮ್ಮನಿದ್ದೆ.
ಮಲಗಬಾರದವನಿಗೆ ದಿನವೂ
ಯಾರದೋ ಮಾತು ಬಂದು ಸೇರುತ್ತಿತ್ತು,
ವಿಳಾಸ ತಪ್ಪಿದ ಕಾಗದದ ಹಾಗೆ.
ಹೇಳಲಿಲ್ಲ. ಒಡೆದು ಓದುವುದು ರೂಢಿಯಾಗಿತ್ತು.

ಕೊನೆಯ ರಾತ್ರಿ ಅವಳೇ ಮೆಟ್ಟಿಲಲ್ಲಿ ತಡೆದಳು.
ಬಾಯಿ ತೆರೆದಳು, ಮುಚ್ಚಿದಳು.
ಆಮೇಲೆ, ಗೂಟನ್ ಮೋರ್ಗನ್, ಪೂವಯ್ಯ.
ಹತ್ತೂವರೆ. ಮಂಜು. ನನ್ನ ಕೈಯಲ್ಲಿ
ದಿನದ ಮೊದಲ ಚಹಾ.

ಈಗ ಮೆಣಸಿನ ಕೊಯ್ಲು. ಕಣದ ತುಂಬ ಕರಿಕಾಳು.
ಐದು ಗಂಟೆಗೆ ಬಾವಲಿಗಳು ಅತ್ತಿಮರಕ್ಕೆ ಮರಳುತ್ತವೆ,
ಕೆಲವದರ ಕೈಯಲ್ಲಿ ಅವಳ ಉಂಗುರ ಇದ್ದೀತು.
ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ, ಮುಳ್ಳಿನ ಸದ್ದು ಬಿಡದೆ.
ಕೆಂಚ ಈಗ ಬೊಗಳುವುದಿಲ್ಲ.

ಮನೆಯಲ್ಲಿ ಅಗಳಿ ತೆಗೆದ ಹೆಂಡತಿ
ಆನೆ ಬಂತಾ, ಅನ್ನುತ್ತಾಳೆ.
ಇಲ್ಲ.
ಒಲೆಯ ಮೇಲೆ ಬಿಸಿನೀರಿದೆ, ಅನ್ನುತ್ತಾಳೆ.